ಟರ್ಬೊ ಎಂಜಿನ್‌ಗೆ ನೈಟ್ರಸ್ ಜೋಡಿಸುವ ಮೊದಲು ಏನನ್ನೆಲ್ಲ ಸರಿಪಡಿಸಿಕೊಳ್ಳಬೇಕು?

ಪ್ರಶ್ನೆ:
ನನ್ನದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು; ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುತ್ತೇನೆ. ಮೂಲ ಟರ್ಬೊವನ್ನು (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ತೆಗೆದು ದೊಡ್ಡದನ್ನು ಕೂರಿಸಿದ ಮೇಲೆ 4,000 ಆರ್‌ಪಿಎಂ ದಾಟುವವರೆಗೆ ಬೂಸ್ಟ್, ಅಂದರೆ ಅದು ತಳ್ಳುವ ಗಾಳಿಯ ಒತ್ತಡ, ಏರುವುದೇ ಇಲ್ಲ, ಏರಿದ ಮೇಲೆ 1.2 ಬಾರ್‌ನಲ್ಲಿ ನಿಲ್ಲುತ್ತದೆ. ಈ ಮಂಕನ್ನು ಕಳೆಯಲು ನೈಟ್ರಸ್ ಆಕ್ಸೈಡನ್ನು ಎಂಜಿನ್ನಿಗೆ ಸಿಂಪಡಿಸಿ 50 ಅಶ್ವಶಕ್ತಿ ಹೆಚ್ಚಿಸುವ ನೈಟ್ರಸ್ ಕಿಟ್ ಹಾಕಿಸಬೇಕೆಂದಿದ್ದೇನೆ. ಪಿಸ್ಟನ್‌ಗಳು ಮೂಲದವೇ, ಎರಕದವು. ವೆಟ್ ಕಿಟ್ ಸೂಕ್ತವೋ ಡ್ರೈ ಕಿಟ್ಟೋ, ನಾಝಲ್ಲನ್ನು ಎಲ್ಲಿ ಕೂರಿಸಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1:
ನಿಮ್ಮ ಉದ್ದೇಶಕ್ಕೆ ನೈಟ್ರಸ್ ಹೊಂದುತ್ತದೆ. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ಶೇ. 23ರಷ್ಟಿದ್ದರೆ ನೈಟ್ರಸ್ ಆಕ್ಸೈಡಿನಲ್ಲಿ ಅದು ಶೇ. 36, ದಹನಕೋಣೆಯ ಬಿಸಿಗೆ ಅಣು ಒಡೆದು ಆ ಆಮ್ಲಜನಕ ಬಿಡುಗಡೆಯಾದಾಗ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಹೊರಬೀಳುವ ಹೊಗೆಯ ಬಿಸಿಯೂ ಪ್ರಮಾಣವೂ ಏರಿ ಟರ್ಬೈನ್ ಬೇಗ ತಿರುಗತೊಡಗುತ್ತದೆ. ಅದರ ಜೊತೆಗೆ, ವಾತಾವರಣದ ಒತ್ತಡದಲ್ಲಿ ಮೈನಸ್ 88 ಡಿಗ್ರಿಗೇ ಕುದಿಯುವ ಈ ದ್ರವ ಆವಿಯಾಗುವಾಗ ಒಳಬರುವ ಗಾಳಿಯನ್ನು ತಂಪಾಗಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಜಿಎಂ-1 ಎಂಬ ಹೆಸರಿನಲ್ಲಿ ಇದನ್ನೇ ಸೂಪರ್‌ಚಾರ್ಜರ್ ಇದ್ದ ವಿಮಾನಗಳಿಗೆ ಅಳವಡಿಸಿ, ಗಾಳಿ ತೆಳುವಾಗುವ ಎತ್ತರದಲ್ಲಿ ಕಳೆದುಹೋಗುತ್ತಿದ್ದ ಶಕ್ತಿಯನ್ನು ಮರಳಿ ಪಡೆಯುತ್ತಿದ್ದರು.

ನಾಝಲ್ ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಭಾಗ) ದಾಟಿದ ಮೇಲೆ, ಥ್ರಾಟಲ್‌ಗೆ (ಗಾಳಿಯ ಹರಿವನ್ನು ನಿಯಂತ್ರಿಸುವ ಕವಾಟ) ತುಸು ಮುಂಚೆ ಇರಲಿ. ಟರ್ಬೊಗೆ ಮೊದಲೇ ಸಿಂಪಡಿಸಿದರೆ ದ್ರವದ ಹನಿಗಳು ವೇಗವಾಗಿ ತಿರುಗುವ ಕಂಪ್ರೆಸರ್ ಚಕ್ರಕ್ಕೆ ಬಡಿಯುತ್ತವೆ. ನೈಟ್ರಸ್ ಜೊತೆಗೆ ತನ್ನ ಪಾಲಿನ ಪೆಟ್ರೋಲನ್ನೂ ತಾನೇ ತರುವ ವೆಟ್ ಕಿಟ್ ನಿಮಗೆ ಸುಲಭ; ಡ್ರೈ ಕಿಟ್ಟಿನಲ್ಲಿ ಆ ಹೆಚ್ಚುವರಿ ಪೆಟ್ರೋಲನ್ನು ಇಂಜೆಕ್ಟರ್‌ಗಳೇ ಕೊಡಬೇಕು, 1.2 ಬಾರ್ ಬೂಸ್ಟಿನಲ್ಲಿ ಅವಕ್ಕೆ ಆ ಶಕ್ತಿ ಉಳಿದಿರುತ್ತದೆಯೇ ಎಂಬುದನ್ನು ಮೊದಲು ಅಳೆಯಿಸಿ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ, ಆದರೆ 50 ಅಶ್ವಶಕ್ತಿಯ ಜೆಟ್ (ಹರಿವಿನ ಪ್ರಮಾಣ ನಿರ್ಧರಿಸುವ ಸಣ್ಣ ರಂಧ್ರದ ಬಿಡಿಭಾಗ) ಎಂದರೆ 50 ಮಾತ್ರ ಎಂದುಕೊಳ್ಳಬೇಡಿ. ಬೂಸ್ಟ್ ಬೇಗ ಏರುವುದರಿಂದ ನಡುವಿನ ವೇಗದಲ್ಲಿ ಸಿಗುವ ಟಾರ್ಕ್ ಅದಕ್ಕಿಂತ ಬಹಳ ಹೆಚ್ಚಾಗಿರುತ್ತದೆ, ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಹೊರಬಿಡುವ ವೇಸ್ಟ್‌ಗೇಟ್ ಚಿಕ್ಕದಿದ್ದರೆ ಬೂಸ್ಟ್ 1.2 ಬಾರ್‌ನಲ್ಲಿ ನಿಲ್ಲುವುದೂ ಇಲ್ಲ.

ನನ್ನ ಎಂಜಿನ್ ಹಾಳಾದದ್ದು ನನ್ನದೇ ಅಜಾಗರೂಕತೆಯಿಂದ. ಅರ್ಧ ಕಟ್ಟಿಕೊಂಡಿದ್ದ ಪೆಟ್ರೋಲ್ ಫಿಲ್ಟರನ್ನು ಬದಲಿಸದೆ ನೈಟ್ರಸ್ ಒತ್ತಿದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನಿಗೆ ಪೆಟ್ಟು ಕೊಡುವುದು) ಶುರುವಾಯಿತು, ಎಂಜಿನ್ನಿನ ಗದ್ದಲದಲ್ಲಿ ಅದು ನನಗೆ ಕೇಳಿಸಲೇ ಇಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಬಿಳಿಯ ಪಿಂಗಾಣಿಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಹೊಳೆಯುವ ಚುಕ್ಕೆಗಳಿದ್ದವು. ಅವು ಪಿಸ್ಟನ್ನಿನಿಂದ ಕರಗಿ ಹಾರಿದ ಅಲ್ಯೂಮಿನಿಯಂ. ಮೂರನೆಯ ಸಿಲಿಂಡರಿನಲ್ಲಿ ಎರಡು ರಿಂಗ್‌ಗಳ ನಡುವಿನ ಅಂಚು ಮುರಿದೇ ಹೋಗಿತ್ತು. ಎರಕದ ಪಿಸ್ಟನ್‌ಗೆ ಇದಕ್ಕಿಂತ ಹೆಚ್ಚು ಕ್ಷಮಾಗುಣವಿಲ್ಲ.

ಪ್ರಶ್ನಿಸಿದವರು:
ಹಾಗಾದರೆ 50ರ ಜೆಟ್ ಬಿಟ್ಟು 25ರದ್ದನ್ನು ಹಾಕಿ, ಬೂಸ್ಟ್ ತುಂಬಿದೊಡನೆ ನೈಟ್ರಸ್ ತಾನಾಗಿ ನಿಲ್ಲುವಂತೆ ಮಾಡಬಹುದೇ?

ಉತ್ತರ 2:
ಹಾಗೆಯೇ ಮಾಡಿ. ಬೂಸ್ಟ್ 0.8 ಬಾರ್ ಮುಟ್ಟಿದಾಗ ಸೊಲೆನಾಯ್ಡಿಗೆ (ನೈಟ್ರಸ್ ಬಿಡುವ ವಿದ್ಯುತ್ ಕವಾಟಕ್ಕೆ) ಹೋಗುವ ವಿದ್ಯುತ್ ಕಡಿಯುವ ಒತ್ತಡದ ಸ್ವಿಚ್ ಸಾಕು. ಥ್ರಾಟಲ್ ಪೂರ್ತಿ ತೆರೆದಿದ್ದು ಎಂಜಿನ್ 3,000 ಆರ್‌ಪಿಎಂ ದಾಟಿದ್ದರೆ ಮಾತ್ರ ನೈಟ್ರಸ್ ಹರಿಯಬೇಕು. ಅದಕ್ಕಿಂತ ಕೆಳಗೆ ಪೆಟ್ರೋಲ್ ಮ್ಯಾನಿಫೋಲ್ಡಿನಲ್ಲೇ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲೇ) ಮಡುಗಟ್ಟಿ ಹಿಂದಕ್ಕೆ ಸಿಡಿಯಬಹುದು. ಪೆಟ್ರೋಲ್ ಒತ್ತಡ ಕುಸಿದರೆ ನೈಟ್ರಸ್ ನಿಲ್ಲಿಸುವ ಇನ್ನೊಂದು ಸ್ವಿಚ್ಚನ್ನೂ ಹಾಕಿಸಿ. ನನ್ನಲ್ಲಿ ಇಲ್ಲದಿದ್ದದ್ದು ಅದೇ. ಪ್ಲಗ್ ಒಂದು ಹಂತ ತಣ್ಣನೆಯದಿರಲಿ (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು), ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, ಒಂದೆರಡು ಡಿಗ್ರಿ ಹಿಂದಕ್ಕೆ ತಳ್ಳಿ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ನೈಟ್ರಸ್ ಬಾಟಲಿಯ ಒತ್ತಡವನ್ನು 900ರಿಂದ 950 ಪಿಎಸ್‌ಐ ನಡುವೆ ಇಟ್ಟುಕೊಂಡೇ ಜೆಟ್ ಹೊಂದಿಸಿ. ಬಿಸಿಲಿಗೆ ಕಾದ ಡಿಕ್ಕಿಯಲ್ಲಿ ಒತ್ತಡ ಏರಿದರೆ ನೈಟ್ರಸ್ ಹೆಚ್ಚು ಹರಿಯುತ್ತದೆ, ಪೆಟ್ರೋಲ್ ಮಾತ್ರ ಇದ್ದಷ್ಟೇ ಇರುತ್ತದೆ. ಒತ್ತಡ ಕಡಿಮೆಯಿದೆಯೆಂದು ಬಾಟಲಿಗೆ ಬೆಂಕಿ ಹಿಡಿಯುವವರನ್ನು ಕಂಡಿದ್ದೇನೆ. ಅಂಥವರ ಪಕ್ಕದಲ್ಲಿ ಕಾರು ನಿಲ್ಲಿಸಬೇಡಿ.