ಮಗಳಿಗೆ ಬ್ಯಾರಲ್ ರೇಸಿಂಗ್ ಕುದುರೆ: ಟೆಕ್ಸಸ್ ಕನ್ನಡಿಗರಿಂದ ಪಶುವೈದ್ಯರಿಗೆ ಪ್ರಶ್ನೆಗಳು

ಡೆಂಟನ್‌ನಿಂದ: ನಮಸ್ಕಾರ ಡಾಕ್ಟರೇ. ಮಗಳಿಗೆ 12 ವರ್ಷ. ಕುದುರೆ ಮೇಲೆ ಮೂರು ಪೀಪಾಯಿ ಸುತ್ತಿ ಓಡುವ ಬ್ಯಾರಲ್ ರೇಸಿಂಗ್, ಸಾಲು ಕಂಬಗಳ ನಡುವೆ ನುಸುಳಿ ಓಡುವ ಪೋಲ್ ಬೆಂಡಿಂಗ್ ಎರಡೂ ಕಲಿಯುತ್ತಿದ್ದಾಳೆ. 9 ವರ್ಷದ, ಕ್ವಾರ್ಟರ್ ಹಾರ್ಸ್ ತಳಿಯ ಕುದುರೆ ಒಂದನ್ನು ನೋಡಿದ್ದೇವೆ. ಓಟ ಚೆನ್ನಾಗಿದೆ. ಆದರೆ ಅರೀನಾ (ಸ್ಪರ್ಧೆಯ ಅಂಗಳ) ಗೇಟಿನಲ್ಲಿ ಮುಂಗಾಲೆತ್ತಿ ನಿಲ್ಲುತ್ತದೆ. ಮೊದಲ ಬ್ಯಾರಲ್ ಹತ್ತಿರ ಮಾತ್ರ ಅಗಲವಾಗಿ ತಿರುಗುತ್ತದೆ. "ಹುರುಪು ಜಾಸ್ತಿ, ಅಷ್ಟೇ" ಅನ್ನುತ್ತಾರೆ ಮಾರುವವರು. ಕುದುರೆ ಆರೋಗ್ಯವಾಗಿದೆ ಅಂತ ಅವರ ಡಾಕ್ಟರೇ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಶನಿವಾರ ದುಡ್ಡು ಕೊಡಬೇಕು.

ಡಾಕ್ಟರ್: ಶನಿವಾರ ಕೊಡಬೇಡಿ ಅಮ್ಮ. ಗೇಟಿನಲ್ಲಿ ಹಠ ಮಾಡುವ ಕುದುರೆಗೆ ಎಷ್ಟೋ ಸಲ ಎಲ್ಲೋ ನೋವಿರುತ್ತದೆ. ಒಳಗೆ ಹೋದರೆ ನೋಯುತ್ತದೆ ಅಂತ ಅದಕ್ಕೆ ಗೊತ್ತು. ಹೊಟ್ಟೆಯಲ್ಲಿ ಹುಣ್ಣಿರಬಹುದು, ಹಿಂಗಾಲಿನ ಹಾಕ್ ಕೀಲು ಸವೆದಿರಬಹುದು, ಮುಂಗಾಲಿನ ಗೊರಸಿನೊಳಗೆ ನೋವಿರಬಹುದು. ಸಾಮಾನ್ಯವಾಗಿ ಮೊದಲ ಬ್ಯಾರಲ್‌ಗೆ ಬಲಕ್ಕೆ, ಉಳಿದೆರಡಕ್ಕೆ ಎಡಕ್ಕೆ ತಿರುಗಿಸುತ್ತಾರೆ. ಇದೂ ಹಾಗೇ ಓಡುತ್ತಿದ್ದರೆ ತೊಂದರೆ ಬಲ ತಿರುವಿನದು. ಸವಾರಿಯ ತಪ್ಪೂ ಇರಬಹುದು. ಆದರೆ ಮೊದಲು ಕಾಲು ನೋಡಿಸಿ.

ನೀವೇ ಬೇರೆ ಡಾಕ್ಟರನ್ನು ಕರೆಸಿ. ಗಟ್ಟಿ ನೆಲದಲ್ಲಿ, ಮರಳಿನಲ್ಲಿ, ಎಡಕ್ಕೂ ಬಲಕ್ಕೂ ಸುತ್ತು ಹಾಕಿಸಲಿ. ಕಾಲು ಮಡಚಿ ಹಿಡಿದು, ಬಿಟ್ಟ ತಕ್ಷಣ ಓಡಿಸಿ ನೋಡಲಿ. ಹಾಕ್, ಗೊರಸು ಎರಡರದೂ ಎಕ್ಸ್‌ರೇ ತೆಗೆಸಿ. ಅವತ್ತೇ ರಕ್ತ ತೆಗೆಸಿ ಔಷಧಿ ಪರೀಕ್ಷೆಗೆ ಕಳಿಸಿ. ಬ್ಯೂಟ್ ಅನ್ನುವ ನೋವಿನ ಔಷಧಿ ಕೊಟ್ಟಿದ್ದರೆ ಕುಂಟುವುದು ಕಾಣದೇ ಹೋಗಬಹುದು. ಕೀಲಿಗೆ ಇಂಜೆಕ್ಷನ್ ಕೊನೆಯ ಸಲ ಯಾವಾಗ ಕೊಡಿಸಿದರು ಅಂತ ಮಾರುವವರು ಬರೆದು ಕೊಡಲಿ.

ಹ್ಯೂಸ್ಟನ್‌ನಿಂದ: ಸರ್, 2 ವರ್ಷದ ಮರಿ ಕಡಿಮೆ ಬೆಲೆಗೆ ಸಿಗುತ್ತಿದೆ. ಮಗನ ಜೊತೆ ಅದೂ ಕಲಿಯುತ್ತದೆ ಅಲ್ವಾ?

ಡಾಕ್ಟರ್: ಬೇಡ. ಕಲಿಯುವ ಮಗುವಿಗೆ ಕಲಿತ ಕುದುರೆ ಬೇಕು. 10 ದಾಟಿದ್ದು ನೋಡಿ.

ಆಸ್ಟಿನ್‌ನಿಂದ: ಡೆಂಟನ್ ಮೇಡಂ, ಸುಳಿ ನೋಡಿದ್ರಾ? ಹಣೆಯಲ್ಲಿ ಎರಡು ಸುಳಿ ಇದ್ದರೆ ಮನೆಗೆ ತರಬಾರದು ಅಂತ ನಮ್ಮ ತಾತ ಹೇಳುತ್ತಿದ್ದರು.

ಡಲ್ಲಾಸ್‌ನಿಂದ: ಸುಳಿ ನೋಡಿ ಕುದುರೆ ಕೊಳ್ಳೋದು ಬಿಡಿ ಸ್ವಾಮಿ.

ಆಸ್ಟಿನ್‌ನಿಂದ: ಇಲ್ಲಿನ ರಾಂಚ್‌ನವರೂ ನೋಡ್ತಾರೆ. ಹಿರಿಯರನ್ನು ಹೀಗಳೆಯಬೇಡಿ.

ಡಲ್ಲಾಸ್‌ನಿಂದ: ಮಗು ಬಿದ್ದರೆ ನಿಮ್ಮ ತಾತ ಬಂದು ಎತ್ತುತ್ತಾರಾ?

ಆಸ್ಟಿನ್‌ನಿಂದ: ತಾತನ ಸುದ್ದಿಗೆ ಬರಬೇಡಿ, ಹೇಳಿದ್ದೇನೆ.

ಡಾಕ್ಟರ್: ಸುಳಿಯಲ್ಲಿ ಕೀಲು ಕಾಣುವುದಿಲ್ಲ. ಇಬ್ಬರೂ ನಿಲ್ಲಿಸಿ.

ಪ್ಲೇನೊದಿಂದ: ಫಾರ್ವರ್ಡ್ ಬಂದಿದೆ. ಕುದುರೆಗೆ ಹೊಟ್ಟೆನೋವು ಬಂದರೆ ಬಾಟಲಿಯಲ್ಲಿ ಎಣ್ಣೆ ಕುಡಿಸಬೇಕಂತೆ. ದಿನಾ ಬೆಳ್ಳುಳ್ಳಿ ತಿಂದರೆ ವೇಗ ಬರುತ್ತದಂತೆ. ನಿಜಾನಾ?

ಡಾಕ್ಟರ್: ಈ ಮೆಸೇಜನ್ನು ಇನ್ನೆಷ್ಟು ಸಲ ಹಾಕುತ್ತೀರಿ? ಬಾಟಲಿಯಲ್ಲಿ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕುದುರೆ ಸಾಯಬಹುದು. ನಾವು ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ಕೊಡುತ್ತೇವೆ. ಬೆಳ್ಳುಳ್ಳಿ ಜಾಸ್ತಿಯಾದರೆ ಕೆಂಪು ರಕ್ತಕಣಗಳು ಒಡೆದು ರಕ್ತ ಕಮ್ಮಿಯಾಗುತ್ತದೆ. ಹೊಟ್ಟೆನೋವು ಅಂದರೆ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಆ ಮೆಸೇಜನ್ನು ದಯವಿಟ್ಟು ಅಳಿಸಿ.

ಶುಗರ್ ಲ್ಯಾಂಡ್‌ನಿಂದ: 3 ವರ್ಷದ್ದು ಆಗುತ್ತಾ ಸರ್?

ಡಾಕ್ಟರ್: ಮೇಲೆ ಓದಿ.

ಡೆಂಟನ್‌ನಿಂದ: ಡಾಕ್ಟರೇ, ಮಾರುವವರು ರಕ್ತ ಪರೀಕ್ಷೆ ಬೇಡ ಅಂತಿದ್ದಾರೆ. ಬೇರೆಯವರು ಕಾಯುತ್ತಿದ್ದಾರಂತೆ. ಮಗಳು ಅಳುತ್ತಿದ್ದಾಳೆ.

ಡಾಕ್ಟರ್: ಬೇಡ ಅಂದರೆ ವಾಪಸ್ ಬನ್ನಿ ಅಮ್ಮ. ಪೋಲ್ ಬೆಂಡಿಂಗ್‌ನಲ್ಲಿ ಆರು ಕಂಬ, 21 ಅಡಿಗೊಂದು. ಪ್ರತಿ ಕಂಬಕ್ಕೂ ಎಡ, ಬಲ ಅಂತ ಓಡುತ್ತಲೇ ಮುಂದಿಡುವ ಕಾಲು ಬದಲಿಸಬೇಕು. ನೋವಿರುವ ಕುದುರೆ ಅಲ್ಲಿ ಮುಗ್ಗರಿಸಿದರೆ ಮೇಲಿರುವುದು ನಿಮ್ಮ ಮಗಳು. ಇನ್ನೊಂದು ಕುದುರೆ ನೋಡಿದಾಗ ವಿಡಿಯೊ ಕಳಿಸಿ. ಎರಡೂ ಕಡೆ ಸುತ್ತುವುದು, ಗೇಟಿನೊಳಗೆ ಹೋಗುವುದು ಕಾಣಬೇಕು. ನಾನು ನೋಡಿ ಹೇಳುತ್ತೇನೆ.