ಪಾನಾ ಆರಾರು ಜೋಡಿ, ದಿನಾ ಕೈಗೆ ಬರೂವು ಹತ್ತ: ಓದುಗರ ಸ್ಪಂದನ

ಹೋದ ಸಲ ಹಳೇ ಹುಬ್ಬಳ್ಳಿಯ ಟೂ-ವೀಲರ್ ಮೆಕ್ಯಾನಿಕ್ ಒಬ್ರು ತಮ್ಮ ತಾಪತ್ರಯ ಬರದಿದ್ರು. ಹತ್ತು ಬೈ ಹನ್ನೆರಡರ ಗ್ಯಾರೇಜು, ಅದರಾಗ ಗಾಡಿ ನಿಲ್ಲಸಾಕ ಜಾಗ ಇಲ್ಲ, ನಟ್ಟು ಬಿಚ್ಚೂ ಪಾನಾ (ಸ್ಪ್ಯಾನರ್) ಪೆಟಗಿ ಮಾತ್ರ ಏಳು. "ಒಂದ ಅಳತಿದು ಆರಾರು ಅದಾವ, ಆದ್ರೂ ಅಂಗಡಿ ಮುಂದ ಹಾದ್ರ ಕಾಲು ತಾನ ನಿಂದ್ರತಾವ. ರಾತ್ರಿ ಮೊಬೈಲ್ ನೋಡ್ಕೋತ ಆರ್ಡರ್ ಹಾಕ್ತೇನಿ, ಮನಿಯಾಕಿಗೆ ಗೊತ್ತಾಗಬಾರದಂತ ಪಾರ್ಸಲ್ ಗ್ಯಾರೇಜಿಗೆ ತರಸ್ತೇನಿ. ಮಗಳ ಫೀ ಕಟ್ಟೂ ರೊಕ್ಕದಾಗ ಮೊನ್ನೆ ಟಾರ್ಕ್ ರೆಂಚ್ (ಎಷ್ಟು ಬಿಗೀಬೇಕೋ ಅಷ್ಟ ಅಳದು ಬಿಗಿಯೂ ಪಾನಾ) ತಂದೆ, ಇನ್ನೂ ಡಬ್ಬಿ ಬಿಚ್ಚಿಲ್ಲ. ಇದು ಕಸಬಿನ ಮ್ಯಾಲಿನ ಪ್ರೀತಿನೋ ಹುಚ್ಚೋ, ಹೇಳ್ರಿ" ಅಂತ ಕೇಳಿದ್ರು. ಬಂದ ಪತ್ರದಾಗ ಕೆಲವು ಇಲ್ಲೆ ಅದಾವ. ಹೆಸರು ಹಾಕಬ್ಯಾಡ್ರಿ ಅಂತ ಭಾಳ ಮಂದಿ ಕೇಳ್ಕೊಂಡಿದ್ದಕ್ಕ ಯಾರ ಹೆಸರೂ ಹಾಕಿಲ್ಲ.

ರಿಟೈರ್ಡ್ ಫಿಟ್ಟರ್, ಹುಬ್ಬಳ್ಳಿ

ತಮ್ಮಾ, ನಾ ಇಲ್ಲೆ ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ನಾಕು ವರ್ಷ ದುಡದಾಂವ. ನಿನ್ನ ಪತ್ರ ಓದಿದ ಕೂಡ್ಲೆ ನೆನಪಾಗಿದ್ದು ನಮ್ಮ ಟೂಲ್ ರೂಮಿನ ಕಿಡಕಿ. ನಮ್ಮ ಸ್ವಂತ ಪೆಟಗ್ಯಾಗ ಇರ್ತಿದ್ದು ಒಂದು ಸುತ್ತಿಗಿ, ಎರಡು ಚಾಣ, ಒಂದೆರಡು ಕಾನಸಿ, ಕ್ಯಾಲಿಪರ್, ನಾಕೈದು ಪಾನಾ, ಮುಗೀತು. ಉಳದಿದ್ದು ಏನ ಬೇಕಾದ್ರೂ ನಮ್ಮ ನಂಬರ್ ಕುಟ್ಟಿದ ಹಿತ್ತಾಳಿ ಬಿಲ್ಲಿ ಕಿಡಕ್ಯಾಗ ಕೊಡೂದು, ರೀಮರ್ರೋ ಪುಲ್ಲರ್ರೋ ದೊಡ್ಡ ರಿಂಗ್ ಪಾನಾನೋ ಇಸ್ಕೊಳ್ಳೂದು, ಆ ಬಿಲ್ಲಿ ಸಾಮಾನು ಇದ್ದ ಜಾಗಾದಾಗ ಮೊಳಿಗೆ ತೂಗಬಿಡ್ತಿದ್ರು, ಹಿಂಗಾಗಿ ಯಾವ ಸಾಮಾನು ಯಾರ ಕಡೆ ಐತಿ ಅಂತ ಗ್ವಾಡಿ ನೋಡಿದ್ರ ಗೊತ್ತಾಕ್ಕಿತ್ತು. ಸಂಜಿಕಿ ಸಾಮಾನು ಕೊಟ್ರ ಬಿಲ್ಲಿ ವಾಪಸ್. ಇಲ್ಲಂದ್ರ ಮರುದಿನ ಮಾನ ಹೋಗ್ತಿತ್ತು.

ನಿಮ್ಮ ಓಣ್ಯಾಗ ಎಷ್ಟು ಗ್ಯಾರೇಜ್ ಅದಾವ ಎಣಿಸು. ಎಂಜಿನ್ನಿನ ಮ್ಯಾಗ್ನೆಟ್ ಕಳಚೂ ಪುಲ್ಲರ್ ನಿನಗ ದಿನಾ ಬೇಕೇನು? ವಾರದಾಗ ಒಮ್ಮೆ ಬೇಕಾದ್ರ ದೊಡ್ಡದು. ಐದು ಮಂದಿ ಕೂಡಿ ಒಂದು ಇಟ್ಕೋರಿ, ಬಿಲ್ಲಿ ಲೆಕ್ಕ ಹಾಕ್ರಿ. ಹಿತ್ತಾಳಿ ಬಿಲ್ಲಿ ಸಿಗಲಿಲ್ಲಂದ್ರ ಸೋಡಾ ಬಾಟ್ಲಿ ಮುಚ್ಚಳದ ಮ್ಯಾಲ ನಂಬರ್ ಕುಟ್ಟಿದ್ರ ನಡೀತೈತಿ.

ಗುಜರಿಯಿಂದ ವಿಟ್‌ವರ್ತ್ ಪಾನಾ ಸೆಟ್ ತಂದೇನಿ ಅಂತ ಬರದೀಯಲ್ಲ, ಅದರ ಮಾತು ಬ್ಯಾರೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಾಗ ಹಾಕಿಕೊಟ್ಟ ಅಳತಿ ಅದು, ಅದಕ್ಕಿಂತ ಮೊದಲ ಒಬ್ಬೊಬ್ಬ ಕಾರ್ಖಾನಿಯಂವ ತನಗ ತಿಳಿದಂಗ ಆಟಿ (ಥ್ರೆಡ್) ಕೊರೀತಿದ್ದ, ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಕೂಡ್ತಿರಲಿಲ್ಲ. ಆ ಪಾನಾ ಮ್ಯಾಲ 3/8 ಅಂತ ಇದ್ರ ಅದು ಬೋಲ್ಟಿನ ದಪ್ಪ, ನಟ್ಟಿನ ಅಗಲ ಅಲ್ಲ. ಬಾಯಿ ಅಳದು ನೋಡು, ಹದಿನೆಂಟು ಎಂಎಂ ಬರ್ತೈತಿ. ಹೊಸಾ ಹುಡುಗ್ರು ಇದರಾಗ ಭಾಳ ಮೋಸ ಹೋಗ್ತಾರ. ನಿನ್ನ ಗ್ಯಾರೇಜಿಗೆ ಅಪ್ಪನ ಕಾಲದ ಬುಲೆಟ್ ಬರ್ತಿದ್ರ ಇಟ್ಕೋ, ಸ್ಕೂಟಿನ ಬರ್ತಿದ್ರ ಅದು ಗ್ವಾಡಿ ಶೃಂಗಾರ. ನನ್ನ ಮನಿ ಗ್ವಾಡಿ ಮ್ಯಾಲೂ ಒಂದು ಸೆಟ್ ಐತಿ, ಸುಳ್ಳ್ಯಾಕ ಹೇಳ್ಲಿ.

ಮಗಳ ಫೀ ರೊಕ್ಕ ಮುಟ್ಟಿದ್ದು ತಪ್ಪು. ಅದನ್ನ ನೀನ ಬಲ್ಲಿ.

ಬೈಕ್ ಮೆಕ್ಯಾನಿಕ್, ನವಲಗುಂದ

10 ನಂಬರ್ (10 ಎಂಎಂ) ಪಾನಾ ಆರು ಅದಾವ ಅಂದ್ರ ಅದನ್ನ ಜಾಸ್ತಿ ಅಂತ ಲೆಕ್ಕಾ ಹಿಡಿಬ್ಯಾಡ್ರಿ, ಒಂದು ಗಾಡಿ ಒಳಗ, ಒಂದು ಗಟಾರದಾಗ, ಒಂದು ಬಾಜೂ ಗ್ಯಾರೇಜಿನವನ ಕಿಸೆದಾಗ, ಉಳಿಯೂದು ಮೂರು. ಉಳದ ಅಳತಿದು ಮಾರ್ರಿ.

ಗೃಹಿಣಿ, ಗದಗ-ಬೆಟಗೇರಿ

ಅಣ್ಣಾರ, ನಮ್ಮ ಮನಿಯವ್ರು ಪವರ್‌ಲೂಮ್ ಜಾಬರ್ ಅದಾರ, ಮಗ್ಗ ಎಲ್ಲೆ ಕೆಡತೈತಿ ಅಲ್ಲೆ ಇವ್ರ ಹೋಗಬೇಕು. ಒಳ್ಳೆ ಕೆಲಸಗಾರ, ಆದ್ರ ನಿಮ್ಮದ ಚಟ ಇವ್ರಿಗೂ. ಹೊಸಾ ಪಾನಾ ತಂದ್ರ ಜ್ವಾಳದ ಡಬ್ಬ್ಯಾಗ ಮುಚ್ಚಿಡ್ತಾರ, ಜ್ವಾಳ ಹಸನ ಮಾಡಾಕಿ ನಾನ ಅನ್ನೂದ ಮರೀತಾರ. "ಇದು ಎಂದ ತಂದ್ರಿ" ಅಂದ್ರ "ಏ ಇದು ಹಳೇದು, ತೊಳದೇನಿ" ಅಂತಾರ. ಸ್ಟಿಕರ್ ಇನ್ನೂ ಹತ್ತಿರ್ತೈತಿ ರೀ ಅದರ ಮ್ಯಾಲ!

ನಮ್ಮ ಕಡೆ ಮಹಾನವಮಿಗೆ ಖಂಡೇಪೂಜಿ ಮಾಡ್ತೇವಲ್ಲ, ಅವತ್ತು ಎಲ್ಲಾ ಸಾಮಾನು ಡೀಸೆಲ್‌ನಾಗ ತಿಕ್ಕಿ ಒರಸಿ ಚಾಪಿ ಮ್ಯಾಲ ಸಾಲಾಗಿ ಇಡೂದು ನನ್ನ ಪಾಲಿನ ಕೆಲಸ. ಎರಡು ವರ್ಷದ ಹಿಂದ ಒಂದು ಟ್ರಂಕ್ ತಗದೆ, ನೋಡ್ತೇನಿ, ಒಳಗಿನ ಪಾನಾ ಮ್ಯಾಲೆಲ್ಲಾ ಹಿಂದಿನ ಖಂಡೇಪೂಜಿಗೆ ನಾ ಹಚ್ಚಿದ ಕುಂಕುಮ ಹಂಗ ಐತಿ, ವಿಭೂತಿ ಗೆರಿನೂ ಅಳಿಸಿಲ್ಲ, ಒಂದಕ್ಕ ಒಣಗಿದ ಚೆಂಡುಹೂವಿನ ಎಸಳೂ ಹತ್ತಿತ್ತು. ಅಂದ್ರ ಒಂದು ವರ್ಷ ಪೂರ್ತಿ ಅವನ್ನ ಯಾರೂ ಮುಟ್ಟಿಲ್ಲ. ಕುಂತು ಎಣಿಸಿದೆ, ಅರವತ್ತೊಂದು.

ಹಬ್ಬದ ದಿನ ಯಾಕ ಜಗಳ ಅಂತ ಬಾಯಿ ತಗೀಲಿಲ್ಲ. ದಿನಾ ಬಳಸೂವನ್ನ ಒಂದು ಸಾಲು ಮಾಡಿ ಹೊಸಾ ಕುಂಕುಮ ಹಚ್ಚಿದೆ, ಆ ಅರವತ್ತೊಂದನ್ನ ಬ್ಯಾರೆ ಸಾಲು ಮಾಡಿ ಹಳೇ ಕುಂಕುಮದಾಗ ಬಿಟ್ಟೆ. ಅವ್ರು ಜಳಕಾ ಮಾಡಿ ಬಂದ್ರು, ಎರಡೂ ಸಾಲು ನೋಡಿದ್ರು, ಕಾಯಿ ಒಡದ್ರು, ಒಂದು ಮಾತೂ ಆಡ್ಲಿಲ್ಲ. ದೀಪಾವಳಿ ಮುಗಿಯೂದ್ರಾಗ ಆ ಟ್ರಂಕಿನ್ಯಾಗ ಇಪ್ಪತ್ತು ಕಡಿಮಿ ಆಗಿದ್ವು, ಯಾರಿಗೆ ಕೊಟ್ರು ಅಂತ ನಾನೂ ಕೇಳಲಿಲ್ಲ, ರೊಕ್ಕ ಮಾತ್ರ ಗಡಿಗ್ಯಾಗ ಬಿತ್ತು.

ನಿಮ್ಮ ಮನಿಯಾಕಿಗೆ ಪೆಟಗಿ ತಗದು ತೋರಸ್ರಿ ಅಣ್ಣಾರ, ಮುಚ್ಚಿಡೂದಕ್ಕ ನಮಗ ಸಿಟ್ಟು ಬರೂದು, ಪಾನಾಕ್ಕಲ್ಲ. ಮತ್ತ ಅವ್ರು ಬಾಯಿ ಮಾಡಿದ್ರ ನೀವೂ ಒಂದು ಮಾತು ಕೇಳಬಹುದು, ಯಾಕಂದ್ರ ಮರುವರ್ಷ ನಮ್ಮವ್ರು ನನ್ನ ಕೇಳಿದ್ರು, "ಅಟ್ಟದ ಮ್ಯಾಲಿನ ನಿನ್ನ ಹಿತ್ತಾಳಿ ಹಂಡೆ, ಕೊಪ್ಪರಿಗಿ, ಆ ಸ್ಟೀಲ್ ಡಬ್ಬಿ ಸಾಲು, ಇವಕ್ಕೂ ಕುಂಕುಮ ಹಚ್ಚಿ ನೋಡೂಣೇನು" ಅಂತ. ನಾ ಒಲಿ ಮ್ಯಾಲ ಹಾಲು ಐತಿ ಅಂತ ಒಳಗ ಹೋದೆ.

ಟ್ರ್ಯಾಕ್ಟರ್ ಮೆಕ್ಯಾನಿಕ್, ರಾಣೆಬೆನ್ನೂರು

ಎಲ್ಲಾರೂ ಮಾರು ಮಾರು ಅಂತ ಬರೀತಾರ ಅಂತ ಗೊತ್ತೈತಿ, ಅದಕ್ಕ ಮೊದಲ ಹೇಳ್ತೇನಿ, ಮಾರಬ್ಯಾಡ್ರಿ. ಗ್ಯಾರೇಜಿನ್ಯಾಗ ಕುಂತಾಂವಗ ಬಾಜೂದವನ ಕಡೆ ಇಸ್ಕೊಳ್ಳಾಕ ಬರ್ತೈತಿ, ನಮಗೆಲ್ಲಿ ಬಾಜೂದಂವ? ಗೋವಿನಜ್ವಾಳ ಒಕ್ಕೂ ಟೈಮಿನ್ಯಾಗ ಹೊಳಿದಂಡಿ ಕಡೆ ಒಂದು ಹೊಲಕ್ಕ ಕರದಿದ್ರು, ರಾತ್ರಿ ಹನ್ನೊಂದಾಗಿತ್ತು, ಹಳೇ ಮ್ಯಾಸ್ಸಿ ಟ್ರ್ಯಾಕ್ಟರ್, ಮೋಡ ಬ್ಯಾರೆ ಆಗಿತ್ತು, ಮಾಲು ಎಲ್ಲಾ ಕಣದಾಗ ಬಿದ್ದಿತ್ತು, ನಾ 14 ಹಾಕಿದೆ ಹೋಗವಲ್ದು, 15 ಹಾಕಿದೆ ಲೂಸು, ಒತ್ತಿ ತಿರುವಿದ್ರ ನಟ್ಟಿನ ಮೂಲಿ ಸವೀತೈತಿ, ಆಮ್ಯಾಲ ತಲಿಗೆ ಹೋತು, ಇದು ಇಂಚಿನ ನಟ್ಟು, 9/16, ಅಂದ್ರ 14.29 ಎಂಎಂ, ಆ ಪಾನಾ ನನ್ನ ಕಡೆ ಐತಿ ಆದ್ರ ಮನ್ಯಾಗ ಐತಿ, ಆ ರೈತ ನನ್ನ ಮಾರಿ ನೋಡಾಕತ್ತಾನ ನಾ ಮೋಡ ನೋಡಾಕತ್ತೇನಿ. ಬೈಕ್ ಮ್ಯಾಲ ಹೋಗಿ ಬರೂದ್ರಾಗ ನಾಕು ಹನಿ ಬಿದ್ದಿದ್ವು. ಅವತ್ತಿಂದ ಬೈಕಿಗೆ ಎರಡು ಚೀಲ, ಒಂದು ಎಂಎಂ ಒಂದು ಇಂಚು, ತೂಕ ಎಷ್ಟರ ಆಗ್ಲಿ.

ಒಂದ ಅಳತಿದು ಆರು ಇದ್ರ ಏನ್ ಮಾಡೂದು ಅಂದ್ರ, ಅವು ಕಚ್ಚಾ ಮಾಲು ಅಂತ ತಿಳೀರಿ. ಕೈ ಹೋಗದ ಸಂದ್ಯಾಗ ಇರೂ ನಟ್ಟಿಗೆ ಒಂದನ್ನ ಗ್ರೈಂಡರಿಗೆ ಹಿಡದು ತೆಳ್ಳಗ ಮಾಡ್ರಿ, ಒಂದನ್ನ ಕಾಸಿ ಬಗ್ಗಸ್ರಿ, ಒಂದನ್ನ ಅರ್ಧ ಕೊಯ್ದು ಉದ್ದನ ರಾಡ್ ವೆಲ್ಡ್ ಮಾಡ್ರಿ. ಅಂಥಾ ಪಾನಾ ಯಾವ ಅಂಗಡ್ಯಾಗೂ ಸಿಗಂಗಿಲ್ಲ. ನನ್ನ ಕಡೆ ಹಂಗ ಮಾಡಿದ್ದು ಹದಿನೇಳು ಅದಾವ, ಹಂಗಂತ ಅಳತಿ ಅಂಕಿನೂ ಅಳಿಸಿ ಹೋಗ್ಯಾವ, ನನಗ ಬಿಟ್ಟು ಯಾರಿಗೂ ತಿಳ್ಯಂಗಿಲ್ಲ.

ಐಟಿಐ ಬೋಧಕರು, ಧಾರವಾಡ

ಪ್ರೀತಿನೋ ಹುಚ್ಚೋ ಅನ್ನೋ ಪ್ರಶ್ನೆ ಬದಿಗಿಡ್ರಿ, ನಿಮ್ಮ ಗ್ಯಾರೇಜಿಗೆ ಬರೋ ಗಾಡಿ ಯಾವುವು ಅದನ್ನ ಮೊದಲು ಬರ್ಕೊಳ್ರಿ. ನಮ್ಮ ಹುಡುಗ್ರಿಗೆ ಬೋರ್ಡ್ ಮ್ಯಾಲೆ ಬರೆದು ಹೇಳ್ತೀನಿ: ಬೋಲ್ಟ್ ಎಂ6, ಅಂದ್ರೆ 6 ಎಂಎಂ ದಪ್ಪದ್ದು ಇದ್ರೆ ತಲೆ 10 ಎಂಎಂ. ಎಂ8 ಇದ್ರೆ ಜಪಾನಿ ವಂಶದ ಗಾಡಿಯೊಳಗ ಸಾಮಾನ್ಯವಾಗಿ 12, ಉಳಿದ ಕಡೆ 13. ಎಂ10ಕ್ಕ ಜಪಾನಿಯೊಳಗ 14, ಬ್ಯಾರೆ ಕಡೆ 16 ಇಲ್ಲಾ 17. ಹಿಂಗಾಗಿ ಹೋಂಡಾ, ಯಮಹಾ ತಳಿಯ ಬೈಕ್ ಮಾಡೋರಿಗೆ 8, 10, 12, 14, 17 ಇಷ್ಟರಾಗ ದಿನದ ಕೆಲಸ ಹೆಚ್ಚುಕಡಿಮೆ ಮುಗೀತದ, ಸೆಟ್ಟಿನೊಳಗಿನ 9, 11, 15 ಅಂಗಡಿಯಿಂದ ಹೆಂಗ ಬಂದಾವೋ ಹಂಗ ಹೊಳಕೋತ ಕುಂತಿರ್ತಾವ. ಸ್ಪಾರ್ಕ್ ಪ್ಲಗ್ ಬಿಚ್ಚೋ ಪಾನಾನೂ ಅಷ್ಟೇ, ಸ್ಪ್ಲೆಂಡರ್‌ಗೆ 16ರದು, ಆರ್‌ಎಕ್ಸ್ 100ಕ್ಕ 21ರದು, ಇವೆರಡಿದ್ರೆ ಬಹಳಷ್ಟು ಗಾಡಿ ಆದ್ವು.

ಆರು ಕಡಿಮೆ ರೇಟಿನ ಪಾನಾಕ್ಕಿಂತ ಒಂದು ಕ್ರೋಮ್ ವೆನೇಡಿಯಂ ಉಕ್ಕಿನದು ಮೇಲು. ಮೆತ್ತನ್ನ ಪಾನಾದ ಬಾಯಿ ಅಗಲ ಆಗ್ತದ, ಆಮೇಲೆ ಅದು ನಟ್ಟನ್ನ ದುಂಡಗ ಮಾಡ್ತದ, ಗಿರಾಕಿ ಬೈಯೋದು ಪಾನಾಕ್ಕಲ್ಲ. ಬಾಯಿ ತುಸು ಸಡಲಾದದ್ದನ್ನ ಮಾರಬೇಡ್ರಿ, ಗುಜರಿಗೆ ಹಾಕ್ರಿ.

ಆದ್ರೆ ಒಂದು ವಿಷಯದಾಗ ನಾನು ನಿಮ್ಮ ಪರ. ನೀವು ಡಬ್ಬಿ ಬಿಚ್ಚದ ಆ ಟಾರ್ಕ್ ರೆಂಚ್ ಇದೆಯಲ್ಲ, ನೀವು ತಂದ ಸಾಮಾನಿನೊಳಗ ದಂಡ ಅಲ್ಲದ್ದು ಅದೊಂದು. ಎಂಜಿನ್ ಮೈ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಕೈ ಅಂದಾಜಿನ ಮ್ಯಾಲೆ ಬಿಗದು ಬಿಗದು ಆಯಿಲ್ ಡ್ರೇನ್ ಬೋಲ್ಟಿನ ಆಟಿ ಕಿತ್ತು ಬಂದ ಗಾಡಿ ಎಷ್ಟು ನೋಡೀನೋ ಲೆಕ್ಕ ಇಲ್ಲ. ಬಿಚ್ಚಿ ಬಳಸ್ರಿ. ಅದರಿಂದ ನಟ್ಟು ಸಡಲಿಸಾಕ ಹೋಗಬೇಡ್ರಿ, ಬರೇ ಬಿಗಿಯಾಕ. ಕೆಲಸ ಮುಗಿದ ಮ್ಯಾಲೆ ಸ್ಕೇಲನ್ನ ಅದರೊಳಗಿನ ಎಲ್ಲಕ್ಕಿಂತ ಸಣ್ಣ ಅಂಕಿಗೆ ಇಳಿಸಿ ಇಡ್ರಿ, ಒಳಗಿನ ಸ್ಪ್ರಿಂಗ್ ಹಿಂಡಿಕೊಂಡೇ ಕುಂತ್ರೆ ದಿನಾ ಹೋದಂಗ ಸುಳ್ಳು ಹೇಳಾಕ ಶುರು ಮಾಡ್ತದ.

ಹಾರ್ಡ್‌ವೇರ್ ಅಂಗಡಿಯವರು, ಹುಬ್ಬಳ್ಳಿ

ನನ್ನ ವ್ಯಾಪಾರಕ್ಕ ನಾನ ಕಲ್ಲು ಹಾಕ್ಕೊಂಡಂಗ ಆಗ್ತೈತಿ, ಆದ್ರೂ ಹೇಳ್ತೇನಿ. ಕೌಂಟರ್ ಮುಂದ ನಿಂತಾಂವ ಎಂಥಾಂವ ಅಂತ ಎರಡು ನಿಮಿಷದಾಗ ತಿಳೀತೈತಿ. ಅವಸರದ ಕೆಲಸ ಇದ್ದಾಂವ ಕರಿ ಕೈಯಾಗ ಸವದ ನಟ್ಟು ಹಿಡ್ಕೊಂಡ ಬರ್ತಾನ, ಬಿಡಿ ಪಾನಾ ಒಂದು ಕೇಳ್ತಾನ, ಅಲ್ಲೇ ಹಾಕಿ ತಿರುವಿ ನೋಡ್ತಾನ, ರೇಟ್ ಮಾಡ್ತಾನ, ಹೋಗ್ತಾನ. ಇನ್ನೊಬ್ಬ ಕೈ ತೊಳಕೊಂಡ ಬರ್ತಾನ. ಅಂವಗ ಸೆಟ್ ಬೇಕು, ಡಬ್ಬಿ ಬೇಕು, ಡಬ್ಬ್ಯಾಗ ಒಂದೊಂದಕ್ಕ ಒಂದೊಂದು ಕುಳಿ ಇರಬೇಕು. ತಪಾರಿಯಾ ಕಂಪನಿದು ತೋರಿಸಿದ್ರ ಇದು ಐತಿ, ಬ್ಯಾರೆ ತೋರಸ್ರಿ ಅಂತಾನ. ನೀವು ಮುಂದಿನ ಸಲ ಬರುವಾಗ ಕೈ ತೊಳೀದ ಬರ್ರಿ, ಜೊತಿಗೆ ನಟ್ಟು ತರ್ರಿ. ನಟ್ಟು ಇಲ್ಲಂದ್ರ ನಾ ಚಹಾ ಕುಡಿಸಿ ಕಳಸ್ತೇನಿ. ಬಿಲ್ ಇದ್ದು ಡಬ್ಬಿ ಬಿಚ್ಚದ ಮಾಲು ಇದ್ರ ಯಾವ ಅಂಗಡಿಯಿಂದ ತಂದೀರೋ ಅಲ್ಲೆ ಒಮ್ಮೆ ಕೇಳ್ರಿ, ಪರಿಚಯದವ್ರಿಗೆ ಬದಲಿ ಮಾಡಿ ಕೊಡ್ತಾರ, ರೊಕ್ಕ ವಾಪಸ್ ಕೊಡೂದು ಕಷ್ಟ.

ಗ್ಯಾರೇಜ್ ಹೆಲ್ಪರ್, ಹಾವೇರಿ

ಅಣ್ಣಾ ನಾನು ಐಟಿಐ ಮುಗಿಸಿ ಇಲ್ಲೆ ಒಂದು ಗ್ಯಾರೇಜಿನ್ಯಾಗ ಕೆಲಸಕ್ಕ ಅದೇನಿ, ಒಂದು ವರ್ಷ ಆತು. ಪಾನಾ ಪೆಟಗಿ ಚಾವಿ ಮಾಲಕರ ಕಡೆ, ಅವ್ರು ಊಟಕ್ಕ ಹೋದ್ರ ನನ್ನ ಕೆಲಸ ನಿಂದ್ರತೈತಿ. ಸ್ವಂತದ್ದು ಮಾಡ್ಕೋಬೇಕಂತ ರೊಕ್ಕ ಕೂಡಿಸಾಕತ್ತೇನಿ, ಇಲ್ಲಿಗಂಟ ಒಂದು ಪಕ್ಕಡ, ಒಂದು ಸ್ಟಾರ್ ಸ್ಕ್ರೂಡ್ರೈವರ್ ಆಗೈತಿ. ನಿಮ್ಮ ಕಡೆ ಆರಾರು ಅದಾವ ಅಂದ್ರಲ್ಲ, 12-13 ಒಂದು 14-15 ಒಂದು ರಿಂಗ್ ಪಾನಾ ಮಾರೂದಿದ್ರ ನನಗ ಹೇಳ್ರಿ, ಪೂರ್ತಿ ರೊಕ್ಕ ಒಮ್ಮೆಲೆ ಆಗಂಗಿಲ್ಲ, ಎರಡು ಪಗಾರದಾಗ ಕೊಡ್ತೇನಿ. ಸೋಮವಾರ ನಮ್ಮ ಗ್ಯಾರೇಜ್ ಸೂಟಿ, ಬಸ್ಸಿಗೆ ಬಂದು ನಾನ ಒಯ್ತೇನಿ. 10-11 ಬ್ಯಾಡ ಅಣ್ಣಾ, ಅದನ್ನ ನೀವ ಇಟ್ಕೋರಿ.