ಅಜ್ಜಯ್ಯನ ಜಾಗ, ಬ್ರೋಕರ್ ಹೇಳಿದ 50 ಮೀಟರ್

ಅಣ್ಣಯ್ಯ, ಭಾವ, ನಿಮ್ಮಿಬ್ಬರ ಮೆಸೇಜೂ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಕೇಳಿ.

ಕಡಲ ಬದಿಯ ಅಜ್ಜಯ್ಯನ ಜಾಗವನ್ನು ರೆಸಾರ್ಟಿಗೆ ಕೇಳುತ್ತಿದ್ದಾರೆ, "ಮೊದಲು 200 ಮೀಟರ್ ಒಳಗೆ ಕಟ್ಟುವ ಹಾಗಿರಲಿಲ್ಲ, ಈಗ 50 ಮೀಟರ್ ಮಾಡಿದ್ದಾರೆ, ಏನೂ ತೊಂದರೆ ಇಲ್ಲ" ಅಂತ ಬ್ರೋಕರ್ ಹೇಳಿದ್ದಾನೆ ಅಂತ ಭಾವ ಬರೆದಿದ್ದಾರೆ. ಅದರ ಕೆಳಗೆ ಅಣ್ಣಯ್ಯ, ನೀವು ಮುಂಬೈಯಿಂದ, ಕಡಲ ಬದಿಯಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಈ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಕಾನೂನನ್ನೇ ಕಿತ್ತು ಹಾಕಬೇಕು, ಇದರಿಂದಲೇ ನಮ್ಮ ಕರಾವಳಿ ಹಿಂದೆ ಬಿತ್ತು ಅಂತ ಹಾಕಿದ್ದೀರಿ.

ಮೊದಲು ಬ್ರೋಕರ್ ಮಾತು. ಅವನು ಹೇಳಿದ್ದು ಅರ್ಧ ಮಾತ್ರ. 2019ರ ಜನವರಿಯಲ್ಲಿ ಬಂದ ಅಧಿಸೂಚನೆಯಲ್ಲಿ ಹಳ್ಳಿ ಕಡೆಯ ಕರಾವಳಿಯನ್ನು ಎರಡು ಮಾಡಿದ್ದಾರೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161 ಜನರಿಗಿಂತ ಜಾಸ್ತಿ ಇದ್ದ ಊರಿಗೆ ಮಾತ್ರ 50 ಮೀಟರ್. ಮಿಕ್ಕ ಕಡೆ 200 ಮೀಟರ್ ಹಾಗೇ ಇದೆ. ನಮ್ಮ ಉಡುಪಿ ಜಿಲ್ಲೆಯ ಒಟ್ಟು ಲೆಕ್ಕ 300 ಚಿಲ್ಲರೆ ಅಷ್ಟೇ. ಕಡಲ ಬದಿಯಲ್ಲಿ ಮನೆ ಒತ್ತಾಗಿವೆ, ಒಪ್ಪುತ್ತೇನೆ. ಆದರೆ ನಮ್ಮೂರಲ್ಲಿ ಮನೆಗಿಂತ ತೆಂಗಿನ ತೋಟ, ಗದ್ದೆಯೇ ಜಾಸ್ತಿ ಅಲ್ವಾ? 2161 ಎಲ್ಲಿಂದ ಬರಬೇಕು? ಮತ್ತೆ, ಅಷ್ಟು ಜನ ಇರುವ ಊರಲ್ಲೂ ಹೊಸ ಕರಾವಳಿ ನಕ್ಷೆಗೆ ಒಪ್ಪಿಗೆ ಸಿಕ್ಕಿದ ಮೇಲೆಯೇ 50 ಮೀಟರ್. ಅಲ್ಲಿಯವರೆಗೆ 200 ಮೀಟರೇ.

ಭಾವ, ನೀವು ಏಪ್ರಿಲ್‌ನಲ್ಲಿ ಟೇಪ್ ಹಿಡಿದು ನೀರಿನ ಅಂಚಿನಿಂದ ಅಳೆದದ್ದು ಲೆಕ್ಕಕ್ಕೆ ಬರುವುದಿಲ್ಲ. ಅಳತೆ ಶುರುವಾಗುವುದು ಉಬ್ಬರದ ಗೆರೆಯಿಂದ, ಅಂದರೆ ದೊಡ್ಡ ಉಬ್ಬರದಲ್ಲಿ ನೀರು ಬಂದು ಮುಟ್ಟುವ ಜಾಗದಿಂದ. ಅದನ್ನು ಎಳೆಯುವವರು ಚೆನ್ನೈಯಲ್ಲಿರುವ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರದವರು. ಬೇಸಿಗೆಯಲ್ಲಿ ಮರಳು ಎಷ್ಟು ಅಗಲ ಕಾಣುತ್ತದೆ! ಜುಲೈಯಲ್ಲಿ ಬಂದು ಅದೇ ಜಾಗ ನೋಡಿ. ಮರಳಿನ ಮೇಲೆ ಹಬ್ಬಿದ ಆ ನೇರಳೆ ಹೂವಿನ ಬಳ್ಳಿ ಬೇರು ಸಮೇತ ನೇತಾಡುತ್ತಿರುತ್ತದೆ, ಅದರ ಕೆಳಗೆ ಆಳೆತ್ತರ ಮರಳು ಕಡಿದು ಹೋಗಿರುತ್ತದೆ. ಮಳೆಗಾಲದ ಅಲೆ ಮರಳನ್ನು ಒಳಗೆ ಎಳೆದುಕೊಂಡು ಹೋಗುತ್ತದೆ, ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನಕ್ಕೆ ವಾಪಸ್ ತಂದು ಹಾಕುತ್ತವೆ. ಕಡಲಿಗೆ ಹೀಗೆ ಹೋಗಿ ಬರಲು ಜಾಗ ಬೇಕು ಮಾರಾಯ್ರೆ. ಆ ಜಾಗದಲ್ಲಿ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ಅಲೆ ಗೋಡೆಗೆ ಬಡಿದು ಅದರ ಬುಡದ ಮರಳನ್ನೇ ತೋಡುತ್ತದೆ. ಆಮೇಲೆ ಕಲ್ಲು ಹಾಕಿ ಅಂತ ಅರ್ಜಿ. ಕಲ್ಲು ಹಾಕಿದ ಕಡೆ ಗಟ್ಟಿಯಾಗುತ್ತದೆ, ಕೊರೆತ ಪಕ್ಕದವರ ಮನೆ ಬಾಗಿಲಿಗೆ ಹೋಗುತ್ತದೆ. ಉಳ್ಳಾಲದಿಂದ ಮರವಂತೆವರೆಗೆ ನಾವು ನೋಡಿದ್ದು ಇದನ್ನೇ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರ ನೋಡಿ ಕೇಂದ್ರ ಸರ್ಕಾರದ ಸಂಸ್ಥೆಯವರೇ ಲೆಕ್ಕ ಹಾಕಿದ್ದಾರೆ, ದೇಶದ ಕರಾವಳಿಯಲ್ಲಿ ಮೂರನೇ ಒಂದು ಪಾಲು ಕೊರೆದು ಹೋಗುತ್ತಿದೆ.

ಇನ್ನು ಅಣ್ಣಯ್ಯ ಹೇಳಿದ್ದು, ಕಾನೂನೇ ಬೇಡ ಅಂತ. ಇದು ನಿನ್ನೆ ಮೊನ್ನೆ ಯಾರೋ ನಮಗೆ ತೊಂದರೆ ಕೊಡಲು ಮಾಡಿದ್ದಲ್ಲ. 1981ರಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಉಬ್ಬರದ ಗೆರೆಯಿಂದ 500 ಮೀಟರ್ ಕಡಲ ದಂಡೆ ಖಾಲಿ ಬಿಡಿ ಅಂತ. ಹತ್ತು ವರ್ಷ ಕಳೆದು 1991ರ ಫೆಬ್ರವರಿಯಲ್ಲಿ ಅದು ಕಾನೂನಾಯಿತು. ಆಮೇಲೆ 20ಕ್ಕೂ ಜಾಸ್ತಿ ಸಲ ತಿದ್ದಿದರು, 2011ರಲ್ಲಿ ಹೊಸದು ತಂದರು, 2019ರಲ್ಲಿ ಮತ್ತೊಂದು. ನನಗೆ ಸಿಟ್ಟು ಬರುವುದು ಈ ತಿದ್ದುಪಡಿಗಳ ಮೇಲೆ. ಹೊಳೆ ಬದಿಯದ್ದನ್ನೇ ನೋಡಿ. ಉಬ್ಬರದ ನೀರು ಏರುವ ಹೊಳೆಯ ಬದಿಗೆ ಈ ಮಿತಿ ಮೊದಲು 100 ಮೀಟರ್ ಇತ್ತು. 1994ರಲ್ಲಿ 50ಕ್ಕೆ ಇಳಿಸಿದರು. 1996ರಲ್ಲಿ ಸುಪ್ರೀಂ ಕೋರ್ಟ್ ಅದು ಸರಿಯಲ್ಲ ಅಂತ ರದ್ದು ಮಾಡಿತು. 2019ರಲ್ಲಿ ಅದೇ 50 ಮೀಟರ್ ವಾಪಸ್ ಬಂತು! ಒಂದು ಕಡೆ ಸೌಪರ್ಣಿಕಾ ಹೊಳೆ, ಇನ್ನೊಂದು ಕಡೆ ಕಡಲು ಇಟ್ಟುಕೊಂಡು ಬದುಕುವ ನಮಗೆ ಇದು ಸಣ್ಣ ವಿಷಯವಾ?

ಅಣ್ಣಯ್ಯನ ಸಿಟ್ಟಿನಲ್ಲೂ ನ್ಯಾಯ ಇದೆ, ಇಲ್ಲ ಅನ್ನುವುದಿಲ್ಲ. ಮಳೆಗೆ ನಮ್ಮ ಮನೆಯ ಹಿಂದಿನ ಗೋಡೆ ಕುಸಿದಾಗ ಅದನ್ನು ಎಬ್ಬಿಸಲು ಎಷ್ಟು ಓಡಾಡಿದೆವು, ಎಷ್ಟು ಕಾಗದ ಕೊಟ್ಟೆವು. ಇದ್ದ ಮನೆಯನ್ನು ಅದೇ ಪಾಯದ ಮೇಲೆ ರಿಪೇರಿ ಮಾಡಲು ಕಾನೂನಿನಲ್ಲೇ ಅವಕಾಶ ಇದೆ. ಮೀನು ಒಣಗಿಸುವ ಜಾಗ, ಬಲೆ ನೇಯುವ ಶೆಡ್, ಹರಾಜು ಕಟ್ಟೆ, ಐಸ್ ಪ್ಲಾಂಟ್ ಎಲ್ಲಕ್ಕೂ ಇದೆ. ಅದನ್ನು ಹೇಳುವವರು ಯಾರೂ ಇಲ್ಲ. ಬಡವನ ಗೋಡೆಗೆ ಹತ್ತು ಪ್ರಶ್ನೆ, ದೊಡ್ಡ ಯೋಜನೆ ಬಂದಾಗ ನಕ್ಷೆಯೇ ಸಡಿಲ. ಇದು ತಪ್ಪು, ದೊಡ್ಡ ತಪ್ಪು. ಹಾಗಂತ ಕಾನೂನು ಹೋದರೆ ಮೊದಲು ಹೋಗುವುದು ನಮ್ಮ ದಾರಿ. ಈಗ ದಡದಿಂದಲೇ ಕೈರಂಪಣಿ ಬಲೆ ಎಳೆಯಲು, ನಾಡದೋಣಿ ಮೇಲೆ ತಂದು ಇಡಲು ಮರಳು ಖಾಲಿ ಇದೆ. ನಾಳೆ ಅಲ್ಲಿ ಬೇಲಿ, ಸೆಕ್ಯುರಿಟಿ ಗಾರ್ಡು. ಅಲ್ಲಿ ನಮ್ಮ ಮಕ್ಕಳು ಯಾರಿಗೆ ಕೇಳಿ ಕಡಲಿಗೆ ಇಳಿಯಬೇಕು?

ಕೇರಳದ ಮರಡು ನೆನಪಿದೆಯಲ್ಲ? ಸಿಆರ್‌ಝಡ್ ಮೀರಿ ಕಟ್ಟಿದ್ದಾರೆ ಅಂತ 2019ರ ಮೇಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2020ರ ಜನವರಿಯಲ್ಲಿ ನಾಲ್ಕು ಅಪಾರ್ಟ್‌ಮೆಂಟುಗಳನ್ನು ಸ್ಫೋಟಕ ಇಟ್ಟು ಕೆಡವಿದರು. ದುಡ್ಡು ಕೊಟ್ಟು ವಾಸ ಇದ್ದವರು ಬೀದಿಗೆ ಬಂದರು. ನಮ್ಮ ಜಾಗದಲ್ಲಿ ಹಾಗೆ ಆದರೆ ಬ್ರೋಕರ್ ಬರುತ್ತಾನಾ? ಮಾರಿದವರು ಅಂತ ಕೋರ್ಟಿಗೆ ಅಲೆಯುವವರು ನಾವು.

ದುಡ್ಡು ಬೇಕು ಅನ್ನುವುದು ಗೊತ್ತು, ಅಕ್ಕನ ಮಗಳ ಓದು ಇದೆ. ಅದಕ್ಕೆ ಒಂದು ದಾರಿ ಇದೆ. ಸ್ಥಳೀಯರು ತಮ್ಮ ಹಳೇ ಮನೆಯ ಪಾಯ, ವಿನ್ಯಾಸ ಬದಲಿಸದೆ ಹೋಂಸ್ಟೇ ನಡೆಸಬಹುದು ಅಂತ 2019ರ ಅಧಿಸೂಚನೆಯಲ್ಲೇ ಇದೆ. ಅಜ್ಜಯ್ಯನ ಮನೆಯ ಎರಡು ಕೋಣೆ, ಆ ಜಗಲಿ, ಅಮ್ಮನ ಕೈಯ ಬಂಗುಡೆ ಸಾರು, ಬರುವವರಿಗೆ ಇನ್ನೇನು ಬೇಕು? ಪರವಾನಗಿ ಏನೇನು ಬೇಕು ಅಂತ ನಾನೇ ಪಂಚಾಯತಿಗೆ ಹೋಗಿ ಕೇಳಿ ಬರುತ್ತೇನೆ.

ಅಕ್ಕ, ನಿನ್ನ ಹತ್ತಿರ ಆರ್‌ಟಿಸಿ ಇದೆಯಲ್ಲ, ಸರ್ವೇ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಇಲ್ಲೇ ಹಾಕು. ಕರಾವಳಿ ನಕ್ಷೆಯಲ್ಲಿ ನಮ್ಮ ಜಾಗ ಯಾವ ವಲಯದಲ್ಲಿ ಬರುತ್ತದೆ ಅಂತ ಲಿಖಿತವಾಗಿ ಕೇಳೋಣ. ಅದು ಕೈಗೆ ಬರುವವರೆಗೆ ಭಾವ, ಬ್ರೋಕರ್ ಹತ್ತಿರ ಒಂದು ರೂಪಾಯಿ ಅಡ್ವಾನ್ಸ್ ತೆಗೆದುಕೊಳ್ಳಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.